ಮುರಿದ ಕೈಗೆ ವಕೀಲರು ಬರೆದ ಮಾತು

ಆಗ ನನಗೆ ಐವತ್ತೆರಡು; ಅದಾಗಿ ಇಪ್ಪತ್ತೈದು ವರ್ಷವಾಯಿತು. ಗಂಡ ಹೊಡೆದು ಕೈ ಮುರಿದಿದ್ದ ಮಗಳಿಗೆ ಬಿಡುಗಡೆ ಬೇಕೆಂದು, ಚಳ್ಳಕೆರೆಯ ವಕೀಲರೊಬ್ಬರು ಬರೆದ ಇಂಗ್ಲಿಷ್ ಅರ್ಜಿಗೆ ಅವಳ ಹೆಬ್ಬೆಟ್ಟು ಒತ್ತಿಸಿದ್ದೆ. ಇಷ್ಟಕ್ಕೆಲ್ಲ ಸಂಸಾರ ಮುರಿಯಬೇಡಿ ಎಂದು ಕೋರ್ಟು ವಾಪಸು ಕಳಿಸಿತು. ಮೊಳಕಾಲ್ಮೂರಿಗೆ ಬಂದು, ಪಕ್ಕದ ಮನೆಯ ಮೇಷ್ಟರಿಗೆ ಅರ್ಜಿಯ ನಕಲು ತೋರಿಸಿದೆ.

“ವೆಕ್ಸೇಷನ್ ಅಂತ ಬರ್ದವ್ರೆ ಕಣವ್ವ. ಅಂದ್ರೆ ಕಿರಿಕಿರಿ,” ಎಂದರು.

“ನೊಣ ಕೂತ್ರೆ ಆಗ್ತೈತಲ್ಲ, ಅದಾ? ಕೈ ಮುರ್ದಿದ್ದು ಎಲ್ಲೈತ್ರಿ?”

“ಅದನ್ನ ಬರ್ದೇ ಇಲ್ಲವ್ವ.”

ಮಗಳು ನಕ್ಕುಬಿಟ್ಟಳು. “ಮೂರು ವರ್ಸ ಹೊಡ್ಸ್ಕೊಂಡಿದ್ದು ಕಿರಿಕಿರಿ ಏನವ್ವ?”

ಇನ್ನೊಂದು ಅರ್ಜಿ ಬರೆಸುವ ದಾರಿ ನನಗೆ ತೋಚಲಿಲ್ಲ. ಮರುದಿನ ಬೆಳಿಗ್ಗೆ, ಅವಳು ಒಂದೇ ಕೈಯಲ್ಲಿ ಹಿಡಿದ ಸೆರಗಿಗೆ ಮಡಿಲಕ್ಕಿ ಹಾಕಿ, ಅವಳನ್ನು ಗಂಡನ ಮನೆಗೆ ನಾನೇ ಬಿಟ್ಟು ಬಂದೆ.