ನಿಜ್ವಾ ಪಟ್ಟಣದ ಅಜ್ಜಿ ಆರಿಸಿದ ರೈಫಲ್

ಒಮಾನ್ ದೇಶದ ನಿಜ್ವಾ ಪಟ್ಟಣದ ಸಂತೆಯಲ್ಲಿ ಬಂದೂಕಿನ ಅಂಗಡಿಯ ಮುಂದೆ ನಿಂತು ಒಬ್ಬ ಅಜ್ಜಿ ಎರಡು ರೈಫಲುಗಳನ್ನು ಒಂದಾದ ಮೇಲೊಂದು ಹೆಗಲಿಗೆ ಆನಿಸಿ ನೋಡುತ್ತಿದ್ದರು. ತೊಂಬತ್ತರ ದಶಕದ ಆರಂಭದ ಒಂದು ಚಳಿಗಾಲದ ಮಾತು; ಆಗ ನಾವು ಆ ಊರಲ್ಲೇ ವಾಸವಿದ್ದೆವು. ಖರ್ಜೂರ ಕೊಳ್ಳಲು ಹೋಗಿದ್ದ ನಾನೂ ನನ್ನ ಗಂಡನೂ ಅಲ್ಲೇ ನಿಂತುಬಿಟ್ಟೆವು.

ಅಂಗಡಿಯವನು ಬೆಳ್ಳಿಪಟ್ಟಿ ಬಿಗಿದ ಹಳೆಯ ರೈಫಲನ್ನೇ ಹೊಗಳುತ್ತಿದ್ದ. ಅಜ್ಜಿ ತಮ್ಮ ಬಲಗೈ ಎತ್ತಿ ತೋರಿಸಿದರು. ಅದರಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದಿದ್ದವು. ಅರಬಿ ಬಲ್ಲ ನನ್ನ ಗಂಡ ಅವರ ಮಾತನ್ನು ನನಗೆ ಮೆಲ್ಲಗೆ ಹೇಳಿದರು: “ತೋಳ ಬಂದು ಆಡು ಹಿಡೀತದಂತೆ. ಹಳೇದಕ್ಕೆ ಪ್ರತಿ ಗುಂಡಿಗೂ ಬೋಲ್ಟಿನ ಹಿಡಿ ಎಳೀಬೇಕು, ಈ ಕೈಯಲ್ಲಿ ಆಗುದಿಲ್ಲಂತೆ. ಇನ್ನೊಂದು ಸೆಮಿ ಆಟೋಮ್ಯಾಟಿಕ್. ಟ್ರಿಗರ್ ಒತ್ತಿದ್ರೆ ಸಾಕು, ಮುಂದಿನ ಗುಂಡು ತಾನೇ ಬರ್ತದೆ.”

ಮಗನನ್ನು ಕರೆತನ್ನಿ, ಅವನು ಆರಿಸಲಿ ಎಂದ ಅಂಗಡಿಯವನು. “ಆಡು ನನ್ನದು,” ಎಂದಷ್ಟೇ ಹೇಳಿದ ಅಜ್ಜಿ, ಸೆಮಿ ಆಟೋಮ್ಯಾಟಿಕನ್ನೇ ಕೊಂಡು ಹೆಗಲಿಗೇರಿಸಿ ಹೊರಟರು.

ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ, ಇದು ನನ್ನಿಂದಾಗುವ ಕೆಲಸವಲ್ಲ ಎಂದು ಮನೆಯಲ್ಲಿ ಕೂತಿದ್ದ ನಾನು ಮರುದಿನವೇ ಮತ್ತೆ ಕಲಿಯಲು ಹೋದೆ. ಆ ಚಳಿಗಾಲ ಮುಗಿಯುವ ಮೊದಲು ಗುಡ್ಡಗಳ ನಡುವಿನ ದಾರಿಯಲ್ಲಿ ಮಸ್ಕತ್ತಿನವರೆಗೂ ನಾನೇ ಕಾರು ಓಡಿಸಿದೆ.