ಗೆಂಡೆ ಮೀನಿನ ಹೊಟ್ಟೆಯ ಚಿಂತೆ

ನನ್ನ ಅಕ್ಷರ ಸೊಟ್ಟ, ಮಾತೂ ಕಡಿಮೆ, ಮನ್ನಿಸಿ ಓದಿಕೊಳ್ಳಿ. ಟಿ.ಬಿ. ಡ್ಯಾಂ ಹಿನ್ನೀರಿನಲ್ಲಿ ಗಾಳ ಹಾಕುವ ನಮ್ಮ ಪಕೀರಪ್ಪ ಮಾವನಿಗೆ ಗೆಂಡೆ ಮೀನಿನ ಹೊಟ್ಟೆಯದೇ ಚಿಂತೆ. ಯಾರಾದರೂ ಮೈದಾ ಉಂಡೆ ತಂದರೆ, “ತಗೀಲೇ, ಅದಕ್ಕ ಅರಗಂಗಿಲ್ಲ!” ಎಂದು ಗದರುತ್ತಾನೆ. “ಹೆಂಗೂ ಸಾಯೋ ಮೀನಿಗೆ ಅಜೀರ್ಣ ಆದ್ರೇನಣ್ಣ?” ಎಂದು ದಡದವರು ನಕ್ಕರೆ, “ತಿಂದು ತಪ್ಪಿಸ್ಕೊಂಡು ಹೋಗೋವು ಬದುಕಬೇಕಲ್ಲಲೇ!” ಎನ್ನುತ್ತಾನೆ. ಬೇಯಿಸಿದ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಬೆರೆಸಿ, ನನ್ನ ಕೈಯಲ್ಲಿ ಮೆತ್ತಗೆ ನಾದಿಸಿ, ಮೊದಲ ಮೂರು ಉಂಡೆ ತಾನೇ ನುಂಗುತ್ತಾನೆ. ಹೊಟ್ಟೆ ಸವರುತ್ತಾ ಅರ್ಧ ಗಂಟೆ ಕೂತ ಮೇಲೆಯೇ ನಾಲ್ಕನೆಯದು ಗಾಳಕ್ಕೆ. ಯಶವಂತನಗರದ ಗಣಿ ಕೆಲಸ ಬಿಟ್ಟಾಗಿನಿಂದ ಅವನಿಗೆ ರೊಟ್ಟಿ, ಅನ್ನ ಯಾವುದೂ ದಕ್ಕುವುದಿಲ್ಲ. ವಾಂತಿಯಾಗದೆ ಒಳಗೆ ನಿಲ್ಲುವುದು ಆ ಉಂಡೆಯೊಂದೇ ಎಂಬುದು ನನಗೆ ಮಾತ್ರ ಗೊತ್ತು. ನಾಳೆ ನಾದುವಾಗ ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕುತ್ತೇನೆ.