ಅಪ್ಪನ ಪುಟದಲ್ಲಿ ಬರೆದದ್ದು

ಫೋನೆಂದರೆ ಪಕ್ಕದೂರು ಬಾಗೂರಿನ ಕಿರಾಣಿ ಅಂಗಡಿಯ ಮುಂದೆ ಕೂರಿಸಿದ್ದ, ನಾಣ್ಯ ನುಂಗುವ ಕೆಂಪು ಡಬ್ಬಿ ಎಂದಷ್ಟೇ ನಮಗೆ ಗೊತ್ತಿದ್ದ ಕಾಲ. ನೆಂಟರ ನಂಬರುಗಳು ನಮ್ಮ ಮನೆಯಲ್ಲಿ ಎಲ್ಲೆಂದರಲ್ಲಿ ಇರುತ್ತಿದ್ದವು: ಗೋಡೆಯ ಮೇಲೆ ಇದ್ದಿಲಲ್ಲಿ, ಕ್ಯಾಲೆಂಡರಿನ ಹಿಂದೆ, ಅಜ್ಜಿಯ ಎಲೆಯಡಿಕೆ ಚೀಲದೊಳಗಿನ ಚೀಟಿಯಲ್ಲಿ. ಒಂದು ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಾಗ ಹಿರಿಯೂರಿನ ಚಿಕ್ಕಮ್ಮನ ನಂಬರೇ ಹೊರಟುಹೋಯಿತು. ಅವ್ವ ತಂಗಿಯನ್ನೇ ಕಳೆದುಕೊಂಡವಳ ಹಾಗೆ ಅತ್ತಳು. ಅದು ನೆಂಟರೊಬ್ಬರಿಂದ ಮತ್ತೆ ಸಿಕ್ಕಿದ ಮೇಲೆ, ಆರನೇ ಕ್ಲಾಸಿನ ನಾನು ಆ ದಸರಾ ರಜೆಯಲ್ಲಿ ಅಡ್ರೆಸ್ ಬುಕ್ಕೊಂದನ್ನು ಮಾಡಲು ಕೂತೆ.

ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಹರಿದು ಜೋಡಿಸಿದೆ. ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅ, ಆ, ಇ ಎಂದು ಬರೆದೆ. ರಟ್ಟಿಗೆ ಎರಡು ಲಗ್ನಪತ್ರಿಕೆ, ಅಂಟಿಗೆ ರಾಗಿ ಗಂಜಿ. ಬಳೆಚೂರು, ಜರಿ, ಬೆಂಕಿಪೊಟ್ಟಣದ ಚಿತ್ರ, ಸಿಕ್ಕಿದ್ದನ್ನೆಲ್ಲ ಮೆತ್ತಿದೆ. ಎರಡನೇ ದಿನಕ್ಕೇ ಗಂಜಿ ಹುಳಿ ವಾಸನೆ ಹೊಡೆಯಿತು. ಅಪ್ಪನ ತಾಯಿ, ನಮ್ಮಜ್ಜಿ, ತಾನೇ ನೂತ ಕರಿ ಉಣ್ಣೆಯ ದಾರವನ್ನು ದಬ್ಬಣಕ್ಕೆ ಪೋಣಿಸಿ ಪುಸ್ತಕವನ್ನು ಹೊಲಿದುಕೊಟ್ಟಳು.

"ಲೇ, ನಂದು ಎಲ್ಲಿ ಬರ್ದೀಯೇ?" ಎಂದಳು.

"ನೀನು ಇಲ್ಲೇ ಇರ್ತೀಯಲ್ಲಜ್ಜಿ. ನಿಂಗ್ಯಾಕೆ ಅಡ್ರೆಸ್ಸು?"

"ಹೌದೌದು. ನಾನೆಲ್ಲಿ ಹೋಗ್ಲಿ ಬಿಡು," ಎಂದು ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತಳು.

ಎಲ್ಲಕ್ಕಿಂತ ಚೆಂದ ಮಾಡಿದ್ದು ಅಪ್ಪನ ಪುಟವನ್ನು. ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಳ್ಳಿ ಬಿಡಿಸಿ, ಕೆಳಗೆ ಕುರಿಗಳ ಚಿತ್ರ ಬರೆದು, ಅವುಗಳ ಮೈಗೆ ನಿಜವಾದ ಉಣ್ಣೆಯನ್ನೇ ಅಂಟಿಸಿದ್ದೆ. ನಡುವೆ ಮಾತ್ರ ಖಾಲಿ. ಅಪ್ಪ ದೀಪಾವಳಿ ಕಳೆದ ಮೇಲೆ ಕುರಿ ಹೊಡೆದುಕೊಂಡು ಗದ್ದೆ ಕೊಯ್ಲಾದ ಊರುಗಳ ಕಡೆ ಹೊರಟರೆ ಬರುತ್ತಿದ್ದುದು ಯುಗಾದಿಯ ಹೊತ್ತಿಗೆ. ಗೊಬ್ಬರಕ್ಕೆಂದು ಯಾರು ಕರೆದರೆ ಅವರ ಹೊಲದಲ್ಲಿ ಮಂದೆ ಮಲಗುತ್ತಿತ್ತು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಈ ಸಲ ಮೊದಲು ಇಳಿಯುವ ಊರನ್ನಾದರೂ ಕೇಳಿ ಬರೆದುಕೊಳ್ಳಲೇಬೇಕೆಂದು ಪೆನ್ಸಿಲು ಚೂಪು ಮಾಡಿಟ್ಟುಕೊಂಡಿದ್ದೆ.

ಹೊರಡುವ ದಿನ ಬೆಳಗ್ಗೆ ಅಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ. ನಾನು ಪುಸ್ತಕ ಹಿಡಿದು ಓಡಿದೆ.

"ಅಪ್ಪ, ಎಲ್ಲಿ..."

ಮಾತು ಮುಗಿಯುವ ಮೊದಲೇ ಅಜ್ಜಿಯ ಕೈ ನನ್ನ ಬಾಯಿ ಮುಚ್ಚಿತು. ಕೈಯಲ್ಲಿ ಸುಣ್ಣ, ಹೊಗೆಸೊಪ್ಪಿನ ವಾಸನೆ.

"ಥೂ, ಹೊಂಟೋರನ್ನ ಎಲ್ಲಿಗೆ ಅಂತಾರೇನೇ? ಹೋದ ಕೆಲ್ಸ ಕೆಡ್ತೈತೆ. ದೂರಾನಾ ಅನ್ನು."

ನನಗೆ ಸಿಟ್ಟು ಬಂತು. ಆದರೂ ಅಂದೆ, "ದೂರಾನಪ್ಪ?"

"ಹ್ಞೂಂ ಕಣವ್ವ, ಒಂದಿಷ್ಟು ದೂರ," ಎಂದು ಅಪ್ಪ ನಕ್ಕ. ಮಂದೆ ತಿರುವಿನಲ್ಲಿ ಮರೆಯಾದ ಮೇಲೆ, ಖಾಲಿ ಬಿಡಬಾರದೆಂದು ಅದನ್ನೇ ಬರೆದೆ: ಅಪ್ಪ. ಒಂದಿಷ್ಟು ದೂರ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅಜ್ಜಿ ಏಳಲಿಲ್ಲ. ಅವ್ವ ಅಳುತ್ತಿದ್ದಳು. ಪಕ್ಕದ ಮನೆಯ ಕರಿಯಪ್ಪ ಮಾವ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಾಗೂರಿಗೆ ತುಳಿದ. ನಾನು ಪುಸ್ತಕ ನೋಡಿ ನಂಬರು ಹೇಳುವುದು, ಅವನು ನಾಣ್ಯ ಹಾಕಿ ಒತ್ತುವುದು. ಹೊಳಲ್ಕೆರೆ ಅತ್ತೆ, ಹಿರಿಯೂರು ಚಿಕ್ಕಮ್ಮ, ದುರ್ಗದ ದೊಡ್ಡಪ್ಪ. ಪಾಠ ಒಪ್ಪಿಸುವವಳ ಹಾಗೆ ಒಂದೂ ತಪ್ಪದೆ ಹೇಳಿದೆ. ಕೊನೆಗೆ ಮಾವ ಕೇಳಿದ, "ಎಲ್ಲವ್ವ ನಿಮ್ಮಪ್ಪಂದು?"

ಪುಟ ತೆಗೆದು ತೋರಿಸಿದೆ. ಮಾವ ಓದಿದ. ಕುರಿಗಳನ್ನು ನೋಡಿದ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, "ಹೋಗಾಣ ನಡಿ," ಎಂದ.

ನಂಬರಿದ್ದವರೆಲ್ಲ ಸಂಜೆಯೊಳಗೆ ಬಂದರು. "ಈ ಹುಡುಗಿ ಬುಕ್ಕು ಮಾಡಿದ್ದಕ್ಕೆ ಮಣ್ಣಿಗೆ ಸಿಕ್ವಿ ಕಣ್ರಿ," ಎಂದು ದೊಡ್ಡಪ್ಪ ಎಲ್ಲರ ಮುಂದೆ ಹೇಳಿದ. ಅತ್ತೆ ಬೆನ್ನು ಸವರಿದಳು. ನನಗೆ ಖುಷಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಅಪ್ಪ ಬರುತ್ತಾನೇನೋ ಎಂದು ತಿರುವನ್ನು ನೋಡುತ್ತ ನಿಂತಿದ್ದೆ, ಅಷ್ಟೆ. ಕತ್ತಲಾಗುವ ಮೊದಲು ಮಣ್ಣು ಮಾಡಿ ಮುಗಿಸಿದರು.

ಅಪ್ಪನಿಗೆ ದಾರಿಯಲ್ಲಿ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಯುಗಾದಿ ಹತ್ತಿರ ಬಂದಾಗ "ಯವ್ವಾ" ಎಂದು ಕೂಗುತ್ತಲೇ ಒಳಗೆ ಬಂದ. ಕೈಯಲ್ಲಿ ಅಜ್ಜಿಗೆಂದು ತಂದ ಹೊಸ ಸುಣ್ಣದ ಡಬ್ಬಿಯಿತ್ತು. ಅವ್ವ ಹೇಳಿದಳು. ಅಪ್ಪ ಕಂಬಳಿಯನ್ನೂ ಇಳಿಸದೆ ಅಲ್ಲೇ ಕುಂತ. ನಾನು ಕೊಟ್ಟ ನೀರು ಹಾಗೇ ಇತ್ತು. ಸಂಜೆ ನನ್ನನ್ನು ಕರೆದು ಪುಸ್ತಕ ತರಿಸಿದ. ಅವನಿಗೆ ಓದು ಬಾರದು.

"ನಮ್ಮವ್ವಂದು ಬರ್ದಿದೀಯೇನವ್ವ?"

"ಇಲ್ಲಪ್ಪ."

"ಬರಿ."

ಅವನ ಪುಟದ ಹಿಂಬದಿಗೆ ಅಜ್ಜಿ ಎಂದು ಬರೆದೆ. ಮುಂದಕ್ಕೆ ತೋಚಲಿಲ್ಲ. "ಎಲ್ಲಿ ಅಂತ ಬರೀಲಪ್ಪ?"

ಅಪ್ಪ ಪುಟ ತಿರುಗಿಸಿ, ಕುರಿಗಳ ಉಣ್ಣೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದ.

"ಹೋದೋರನ್ನ ಹಂಗೆ ಕೇಳಬಾರ್ದು ಕಣವ್ವ," ಎಂದ.

ಈಗ ಚಿತ್ರದುರ್ಗದಲ್ಲಿ ನನ್ನ ಸಂಸಾರ. ಫೋನಿನಲ್ಲಿ ನೂರಾರು ನಂಬರುಗಳಿವೆ, ಒಂದೂ ಬಾಯಿಗೆ ಬರುವುದಿಲ್ಲ. ಮಗಳು ಗೆಳತಿಯರೊಂದಿಗೆ ಜೋಗಿಮಟ್ಟಿಗೆ ಹೋದರೆ ನಾನು ಅಡುಗೆಮನೆಯಲ್ಲಿ ನಿಂತೇ ಫೋನಿನ ಮ್ಯಾಪಿನಲ್ಲಿ ಅವಳ ನೀಲಿ ಚುಕ್ಕೆ ಬೆಟ್ಟ ಹತ್ತುವುದನ್ನು ನೋಡುತ್ತೇನೆ. ಸಾಲದೆಂದು ಫೋನೂ ಮಾಡುತ್ತೇನೆ. ಹಲೋ ಎನ್ನುವುದನ್ನೂ ಬಿಟ್ಟಾಯಿತು, "ಎಲ್ಲಿದೀಯಾ?" ಎಂಬುದೇ ಮೊದಲ ಮಾತು. ಬಾಯಿ ಮುಚ್ಚುವ ಕೈ ಮನೆಯಲ್ಲಿ ಯಾವುದೂ ಇಲ್ಲ.

ಹೋದ ವರ್ಷ ಅಪ್ಪನನ್ನು ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಈ ಸಲ ಸುದ್ದಿ ಗಳಿಗೆಯೊಳಗೆ ಎಲ್ಲರಿಗೂ ಮುಟ್ಟಿತ್ತು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಹಿಡಿ ಮಣ್ಣು ಹಾಕುವಾಗ ಮಾತ್ರ ಬಾಯಿ ತಾನಾಗಿಯೇ ಅಂದುಬಿಟ್ಟಿತು, "ದೂರಾನಪ್ಪ?"

"ಏನಮ್ಮ ಅಂದೆ?" ಎಂದಳು ಮಗಳು.

"ಏನಿಲ್ಲ."

ಮಾರನೆಯ ದಿನ ಅವ್ವನ ಟ್ರಂಕಿನಿಂದ ಪುಸ್ತಕ ತೆಗೆದೆ. ಗಂಜಿ ಹಚ್ಚಿದ ಕಡೆಯೆಲ್ಲ ಜಿರಲೆ ತಿಂದಿತ್ತು. ಕುರಿಗಳ ಉಣ್ಣೆ ಉದುರಿತ್ತು. ನಂಬರುಗಳಲ್ಲಿ ಈಗ ಒಂದೂ ನಡೆಯುವುದಿಲ್ಲ. ಅಪ್ಪನ ಪುಟದಲ್ಲಿ ಪೆನ್ಸಿಲಿನ ಸಾಲು ಮಾಸಿದ್ದರೂ ಓದಲು ಬರುತ್ತಿತ್ತು. ಅದೊಂದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.